ಹೊಗೆಯಿಂದ ಎತ್ತಿ ತಂದರು, ಉಸಿರು ಕೊಡಲು ವಾಹನದಲ್ಲಿ ಏನೂ ಇರಲಿಲ್ಲ

ಮಾನ್ಯ ಸಂಪಾದಕರೇ,

ತೇರುಬೀದಿಯ ಹಾಸಿಗೆ ಅಂಗಡಿ ಬೆಂಕಿಯ ಬಗ್ಗೆ ಬುಧವಾರದ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಅಗ್ನಿಶಾಮಕ ಸಿಬ್ಬಂದಿಯ ಸಮಯಪ್ರಜ್ಞೆಯಿಂದ ಭಾರಿ ಅನಾಹುತ ತಪ್ಪಿದೆ’ ಎಂದು ಬರೆದಿದ್ದೀರಿ. ಸಿಬ್ಬಂದಿಯ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ, ಆ ಹುಡುಗರಿಗೆ ಕೈಮುಗಿಯಬೇಕು. ಆದರೆ ಅನಾಹುತ ತಪ್ಪಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಗಡಿಯ ಪಕ್ಕದ ಮನೆ ನನ್ನದು. ಅಟ್ಟದಲ್ಲಿ ಸಿಕ್ಕಿಕೊಂಡಿದ್ದ ಕೆಲಸದವನನ್ನು ಹೊತ್ತು ತಂದು ಮಲಗಿಸಿದ್ದು ನಮ್ಮ ಮನೆಯ ಜಗುಲಿಯ ಮೇಲೆಯೇ.

ಅವನ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಮೂಗು ಬಾಯಿಯ ಸುತ್ತ ಮಸಿ, ಉಸಿರು ಆಡುತ್ತಿತ್ತು, ಕರೆದರೆ ಮಾತ್ರ ‘ಹೂಂ’ ಅನ್ನುತ್ತಿದ್ದ. ‘ನಿಮ್ಮ ಬೆನ್ನ ಮೇಲಿರುವ ಸಿಲಿಂಡರನ್ನೇ ಅವನಿಗೆ ಹಾಕ್ರಪ್ಪಾ’ ಎಂದು ನಾನೇ ಕೂಗಿದೆ. ‘ಅಮ್ಮಾ, ಇದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಬರೀ ಗಾಳಿ, ನಾವು ಹೊಗೆಯೊಳಗೆ ಹೋಗೋಕೆ ಅಷ್ಟೇ’ ಎಂದ ಆ ಹುಡುಗ. ಹಾಗಾದರೆ ಗಾಡಿಯಲ್ಲಿ ಆಕ್ಸಿಜನ್ ಎಲ್ಲಿ? ಇಲ್ಲ. ಪ್ರಥಮ ಚಿಕಿತ್ಸೆಯ ಒಂದು ಡಬ್ಬಿ ಇತ್ತು, ಅದರಲ್ಲಿ ಹತ್ತಿ, ಬ್ಯಾಂಡೇಜು, ಕತ್ತರಿ. ಮೂಲೆಯ ಮೆಡಿಕಲ್ ಶಾಪಿನ ಹುಡುಗ ಓಡಿ ಬಂದು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. 98 ತೋರಿಸಿತು. ‘ಏನೂ ಆಗಿಲ್ಲ, ಗಾಬರಿಗೆ ಹೀಗಾಗಿದೆ’ ಎಂದು ಸುತ್ತ ನಿಂತವರೆಲ್ಲ ಸಮಾಧಾನಪಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸಿದರು. ಆಂಬುಲೆನ್ಸ್ ಬರಲು 35 ನಿಮಿಷ ಹಿಡಿಯಿತು.

ಆ 98 ಎಂಥ ಸುಳ್ಳು ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದಂತೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ವಿಷ ತುಂಬಿದ ರಕ್ತಕ್ಕೂ ಚೆನ್ನಾಗಿದೆ ಎಂದೇ ಅಂಕಿ ಕೊಡುತ್ತದೆ. ಮಾಮೂಲಿ ಗಾಳಿಯಲ್ಲೇ ಬಿಟ್ಟರೆ ಆ ವಿಷ ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಬಿಗಿಯಾದ ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಫೋಮಿನ ಹಾಸಿಗೆ ಉರಿದರೆ ಸಯನೈಡ್ ಅನಿಲವೂ ಸೇರಿಕೊಳ್ಳುತ್ತದೆ. ಇದನ್ನೆಲ್ಲ ಡಾಕ್ಟರು ತಾಳ್ಮೆಯಿಂದ ವಿವರಿಸುತ್ತಿದ್ದರೆ ನನಗೆ ಆ 35 ನಿಮಿಷವೇ ಕಣ್ಣಮುಂದೆ ಬರುತ್ತಿತ್ತು. ಅವನು ಇನ್ನೂ ಮಲಗಿಯೇ ಇದ್ದಾನೆ. ನಿನ್ನೆ ಹೋದಾಗ ತನ್ನ ಮಗಳ ಹೆಸರು ಹೇಳಲು ತಡವರಿಸಿದ.

ದುಡ್ಡಿಲ್ಲ ಎಂದು ಮಾತ್ರ ಯಾರೂ ಹೇಳಕೂಡದು. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ, ಆಧುನೀಕರಣ ಎಂದು 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ಸರ್ಕಾರ 5,000 ಕೋಟಿ ರೂಪಾಯಿಯ ಯೋಜನೆಯನ್ನು 2023ರಲ್ಲಿ ತಂದಿತು. ನಮ್ಮಂಥ ರಾಜ್ಯ ಶೇ 25 ಪಾಲು ಹಾಕಿದರೆ ಉಳಿದದ್ದು ಅಲ್ಲಿಂದ ಬರುವಂತಿತ್ತು. ಹೊಸ ಠಾಣೆ, ತರಬೇತಿ ಕೇಂದ್ರ, ಆಧುನಿಕ ಉಪಕರಣ ಎಲ್ಲದಕ್ಕೂ ಅದರಲ್ಲಿ ದಾರಿಯಿತ್ತು. ಉಪಕರಣ ಎಂದರೆ ಏಣಿ, ಪಂಪು, ಪೈಪು ಎಂದಷ್ಟೇ ಪಟ್ಟಿ ಮಾಡುವವರಿಗೆ ತೋಚಿದರೆ ಹೇಗೆ? ಹೊತ್ತು ತಂದ ಮನುಷ್ಯನಿಗೆ ಮೊದಲ ಹತ್ತು ನಿಮಿಷ ಏನು ಮಾಡುತ್ತೀರಿ ಎಂದು ಆ ಪಟ್ಟಿಗೆ ಸಹಿ ಹಾಕುವ ಸಾಹೇಬರಲ್ಲಿ ಒಬ್ಬರಾದರೂ ಕೇಳಬಾರದೇ? ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಫೈರ್ ಇಂಜಿನ್ನಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎದೆನೋವು, ಅಪಘಾತ ಇಂಥವೇ. ಆಕ್ಸಿಜನ್, ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ, ಇಂಥ ಸಾಮಾನು ಕೊಳ್ಳಲು ಊರೂರಿನ ಅಗ್ನಿಶಾಮಕ ದಳಗಳೇ ಅಲ್ಲಿನ ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಿ ಅನುದಾನ ಪಡೆಯುತ್ತವೆ.

ಎಇಡಿ ಎಂದಾಗ ಹೋದ ವರ್ಷದ ತೇರು ನೆನಪಾಗುತ್ತದೆ. ಮಿಣಿ ಎಳೆಯುತ್ತಿದ್ದವರೊಬ್ಬರು ಕುಸಿದು ಬಿದ್ದರು. ಐವತ್ತು ಹೆಜ್ಜೆ ದೂರದಲ್ಲೇ ಬಂದೋಬಸ್ತಿಗೆಂದು ಫೈರ್ ಇಂಜಿನ್ ನಿಂತಿತ್ತು. ನಿಂತ ಎದೆಗೆ ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಸಿಬ್ಬಂದಿ ಬೆವರು ಸುರಿಸಿ ಎದೆ ಒತ್ತಿದರು, ಯಂತ್ರ ಇರಲಿಲ್ಲ, ಅವರು ಉಳಿಯಲಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಂದಾಗ ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇಡುತ್ತೇವೆ ಎಂದು ಸರ್ಕಾರವೇ ಹೇಳಿತ್ತಲ್ಲ, ಫೈರ್ ಇಂಜಿನ್ನಿಗಿಂತ ಸಾರ್ವಜನಿಕ ಸ್ಥಳ ಯಾವುದಿದೆ?

ಇನ್ನು ನಮ್ಮ ಪಾಡು. ಎರಡು ದಿನ ಕರೆಂಟಿಲ್ಲ. ಫ್ರಿಜ್ಜಿನಲ್ಲಿದ್ದ ನಮ್ಮ ಯಜಮಾನರ ಇನ್ಸುಲಿನ್ ಹಾಳಾಯಿತು. ಅಂಗಡಿಗೆ ಹಾರಿಸಿದ ನೀರು ನಮ್ಮ ಮನೆಯೊಳಗೆ ಮೊಣಕಾಲುದ್ದ ನಿಂತು, ವರ್ಷಕ್ಕೆಂದು ತಂದಿಟ್ಟಿದ್ದ ಅಕ್ಕಿ, ರಾಗಿ ಎರಡೂ ಹೋದವು. ಮಾಡಿನ ಮಸಿ ಇನ್ನೂ ಉದುರುತ್ತಿದೆ, ನನ್ನ ಕೆಮ್ಮು ನಿಂತಿಲ್ಲ. ನೋಡಲು ಬಂದ ಅಧಿಕಾರಿ ಬಾಗಿಲಲ್ಲೇ ನಿಂತು ಫೋಟೊ ತೆಗೆದುಕೊಂಡು ಹೋದರು. ಇವರಿಗೇ ಅಲ್ಲವೇ ಬೀದಿಯ ಕೊನೆಯ ಹೈಡ್ರಂಟ್ (ಫೈರ್ ಇಂಜಿನ್ನಿಗೆ ನೀರು ತುಂಬಿಸುವ ನಲ್ಲಿ) ಕಾಂಕ್ರೀಟ್ ರಸ್ತೆಯಡಿ ಮುಚ್ಚಿಹೋಗಿದೆ ಎಂದು ನಾವು ಮೂರು ಸಲ ಅರ್ಜಿ ಕೊಟ್ಟದ್ದು? ಅವತ್ತು ನೀರು ಮುಗಿದ ಮೇಲೆ ಗಾಡಿ ಕೆರೆಗೆ ಹೋಗಿ ತುಂಬಿಸಿಕೊಂಡು ಬರಬೇಕಾಯಿತು. ಅರ್ಜಿ ಏನಾಯಿತು ಎಂದರೆ ಕಡತ ಜಿಲ್ಲಾ ಕೇಂದ್ರಕ್ಕೆ ಹೋಗಿದೆ ಎನ್ನುತ್ತಾರೆ. ಚರಂಡಿಯ ಕಡತವೂ ಅಲ್ಲಿಗೇ ಹೋಗಿತ್ತು, ಬೀದಿದೀಪದ್ದೂ ಅಲ್ಲಿಗೇ. ಶಾಸಕರಿಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 2 ಕೋಟಿ ಬರುತ್ತದೆ. ಊರ ಬಾಗಿಲಿಗೆ ಸ್ವಾಗತ ಕಮಾನು ಎದ್ದು ನಿಂತಿದೆ, ತಂಗುದಾಣಗಳ ಮೇಲೆಲ್ಲ ಅವರದೇ ಭಾವಚಿತ್ರವಿದೆ. ಒಂದು ಆಕ್ಸಿಜನ್ ಸಿಲಿಂಡರಿಗೆ ಅದರಲ್ಲಿ ಜಾಗ ಸಿಗಲಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಪ್ರತಿ ಅಗ್ನಿಶಾಮಕ ವಾಹನದಲ್ಲೂ ಆಕ್ಸಿಜನ್, ಮಾಸ್ಕ್, ಎಇಡಿ ಇಡಿಸಬೇಕು, ಅದನ್ನು ಬಳಸಲು ಆ ಹುಡುಗರಿಗೆ ಕಲಿಸಬೇಕು. ಹೈಡ್ರಂಟನ್ನೂ ಅಗೆದು ತೆಗೆಸಬೇಕು. ಸಂಬಂಧಪಟ್ಟವರು ಯಾರು ಎಂದು ಮೂರು ಕಚೇರಿ ಅಲೆದರೂ ನನಗೆ ಯಾರೂ ಹೇಳಲಿಲ್ಲ. ಯಾರೇ ಆಗಿರಲಿ, ಒಮ್ಮೆ ಆಸ್ಪತ್ರೆಗೆ ಹೋಗಿ ಆ ಮನುಷ್ಯನ ಹೆಂಡತಿಯ ಎದುರು ಕುಳಿತು ಗಾಡಿಯಲ್ಲಿ ಯಾಕೆ ಏನೂ ಇರಲಿಲ್ಲ ಎಂದು ಹೇಳಿ ಬರಲಿ. ನಾಚಿಕೆಯಾಗಬೇಕು ಇವರಿಗೆ.

— ನಿವೃತ್ತ ಶಿಕ್ಷಕಿ, ತೇರುಬೀದಿ