ಮುಟ್ಟಿನ ಲೆಕ್ಕ ಮೂರು ದಿನಕ್ಕೆ ಮುಗಿಯುವುದಿಲ್ಲ: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆ ನೀಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಅದರ ಬೆನ್ನಿಗೇ, 'ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ತಲೆಯೇ ಓಡುವುದಿಲ್ಲವಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ' ಎಂಬ ಮಾತೂ ಕಿವಿಗೆ ಬೀಳತೊಡಗಿದೆ. ಓದಿದವರೇ ಹೀಗೆನ್ನುವುದರಿಂದ ಈ ಪತ್ರ ಬರೆಯಬೇಕಾಯಿತು.

ಋತುಚಕ್ರವನ್ನು ನಡೆಸುವ ಹಾರ್ಮೋನುಗಳಾದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳು ಗರ್ಭಕೋಶದಷ್ಟಕ್ಕೇ ಉಳಿಯದೆ ರಕ್ತದ ಮೂಲಕ ಮಿದುಳನ್ನೂ ತಲುಪುತ್ತವೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್‌ನಲ್ಲೂ ಯೋಚನೆಯ ನೆಲೆಯಾದ ಮುಂಮಿದುಳಿನಲ್ಲೂ ಅವನ್ನು ಗ್ರಹಿಸುವ ಕೋಶಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಸಂಶೋಧಕರು ಒಬ್ಬಳೇ ಮಹಿಳೆಯ ಮಿದುಳನ್ನು ಸತತ 30 ದಿನ ಎಂಆರ್‌ಐ ಯಂತ್ರದಲ್ಲಿ ನೋಡಿ, ದಿನವೂ ರಕ್ತ ಪರೀಕ್ಷಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಈಸ್ಟ್ರೋಜನ್ ಏರಿದಂತೆ ಮಿದುಳಿನ ಭಾಗಗಳ ನಡುವಿನ ಹೊಂದಾಣಿಕೆ ಹೆಚ್ಚುತ್ತಿತ್ತು. ಪ್ರೊಜೆಸ್ಟರಾನ್ ಏರಿದಾಗ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು ಕಂಡಿತು. ಆಗುಂಬೆಯ ಹಳ್ಳಗಳು ಮಳೆಗೆ ತುಂಬಿ ಬೇಸಗೆಗೆ ಇಳಿದಂತೆ ಇದೂ ಏರಿಳಿತ. ಇಳಿದ ಹಳ್ಳವನ್ನು ಕೆಟ್ಟ ಹಳ್ಳವೆಂದು ಯಾರೂ ಕರೆಯುವುದಿಲ್ಲ. ಸಂಪರ್ಕದ ಈ ಬದಲಾವಣೆಯಿಂದ ಬುದ್ಧಿಶಕ್ತಿ ಕುಗ್ಗುತ್ತದೆಂದು ಆ ಅಧ್ಯಯನ ಹೇಳಲಿಲ್ಲ. ಗಂಡಸರ ಟೆಸ್ಟೋಸ್ಟಿರಾನ್ ಹಾರ್ಮೋನು ಸಹ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಆದರೂ ಸಂಜೆಯ ಸಭೆಗಳಿಂದ ಅವರನ್ನು ಯಾರೂ ಹೊರಗಿಟ್ಟಿಲ್ಲ!

ನಮ್ಮ ಸೀಮೆಯ ಲೆಕ್ಕ ತಪ್ಪಿರುವುದು ಇನ್ನೊಂದು ಕಡೆ. ಇಲ್ಲಿ ಇಂದಿಗೂ ಕೆಲವು ಮನೆಗಳಲ್ಲಿ ಹೊರಗಾದವಳನ್ನು ಮೂರು ದಿನ ಬೇರೆ ಕೂರಿಸುತ್ತಾರೆ. ಏನೇ ತೊಂದರೆಯಿದ್ದರೂ ಆ ಮೂರು ದಿನಕ್ಕೇ ಸೇರಿದ್ದೆಂದು ಹೆಂಗಸರೂ ನಂಬಿದ್ದಾರೆ. ಆದರೆ ನೂರರಲ್ಲಿ ಕೆಲವರನ್ನು ಕಾಡುವ, ವೈದ್ಯರು ಪಿಎಂಡಿಡಿ ಎಂದು ಕರೆಯುವ ತೀವ್ರ ಮನೋಯಾತನೆ ಕಾಣಿಸಿಕೊಳ್ಳುವುದು ಮುಟ್ಟಿನ ಹಿಂದಿನ ವಾರದಲ್ಲಿ. ಮುಟ್ಟಾದ ಕೆಲವೇ ದಿನಗಳಲ್ಲಿ ಅದು ತಗ್ಗುತ್ತದೆ. ಅಂಥವರಲ್ಲಿ ಹಾರ್ಮೋನುಗಳ ಪ್ರಮಾಣ ಸಾಮಾನ್ಯವಾಗಿಯೇ ಇದ್ದು, ಅವುಗಳ ಏರಿಳಿತಕ್ಕೆ ಮಿದುಳು ಹೆಚ್ಚು ಸ್ಪಂದಿಸುತ್ತದೆ. ಪರೀಕ್ಷೆಯ ಮುಂಚಿನ ವಾರ ಕಾರಣವಿಲ್ಲದೆ ಅಳುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳನ್ನು 'ಸೋಮಾರಿ' ಎಂದು ಗದರಿದವಳು ನಾನೇ. ಮೂರು ತಿಂಗಳು ಅದೇ ವಾರ ಅದೇ ಅಳು ಬಂದಾಗಲಷ್ಟೇ ನನಗೆ ಹೊಳೆಯಿತು.

ಪಿಎಂಡಿಡಿಯನ್ನು ಪತ್ತೆಹಚ್ಚಲು ಎಂಆರ್‌ಐ ಬೇಕಿಲ್ಲ. ಎರಡು ಋತುಚಕ್ರಗಳ ಕಾಲ ಮನಸ್ಸಿನ ಸ್ಥಿತಿಯನ್ನು ದಿನದಿನವೂ ಗುರುತಿಟ್ಟ ಒಂದು ಹಾಳೆ ವೈದ್ಯರ ರೋಗನಿರ್ಣಯಕ್ಕೆ ಆಧಾರವಾಗುತ್ತದೆ. ಇಂಥ ಹಾಳೆಯನ್ನು ಸರಳ ಕನ್ನಡದಲ್ಲಿ ಮುದ್ರಿಸಿ, ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿಯೂ ಪ್ರೌಢಶಾಲೆಗಳಲ್ಲಿಯೂ ದೊರಕುವಂತೆ ಮಾಡಬೇಕು; ಸ್ಯಾನಿಟರಿ ಪ್ಯಾಡ್ ಹಂಚುವಾಗಲೇ ಕೊಟ್ಟರೂ ಸಾಕು. ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ದಿನಗೂಲಿ ಹೆಂಗಸರಿಗೆ ಸರ್ಕಾರದ ರಜೆ ತಲುಪುವುದು ದೂರದ ಮಾತು, ಆದರೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಈ ಹಾಳೆ ತಲುಪಬಹುದು. ಈ ಶೈಕ್ಷಣಿಕ ವರ್ಷದೊಳಗೆ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಆರಂಭಿಸಲು ತಾವು ಸಂಬಂಧಪಟ್ಟ ಅಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇನೆ. ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಅದರ ಕರಡು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು