ಆ ಕಟ್ಟೆ ಒಡೆಸಿ ಸಾರ್: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮ್ಮ ಬೀದಿಯ ಕೊನೆಯಲ್ಲಿ ನೀವು ಮಾಡಿಸಿದ ಮಳೆನೀರು ಸೋಸುವ ತೋಟ ಚೆನ್ನಾಗಿದೆ. ತಳದಲ್ಲಿ ಜಲ್ಲಿ, ಮೇಲೆ ಮರಳು, ಅದರ ಮೇಲೆ ಗೊಬ್ಬರ ಬೆರೆಸಿದ ಮಣ್ಣು, ಸಾಲಾಗಿ ಗಿಡ. ಒಂದೇ ಕೊರತೆ, ರಸ್ತೆಯ ನೀರು ಒಳಗೆ ಹೋಗುವುದಿಲ್ಲ. ಸುತ್ತ ಕಟ್ಟಿದ ಕಟ್ಟೆ ರಸ್ತೆಗಿಂತ ಗೇಣುದ್ದ ಎತ್ತರವಿದೆ. ನೀರು ಹತ್ತಿ ಇಳಿಯುತ್ತದೆ ಅಂದುಕೊಂಡಿದ್ದರೇನೋ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಜೋರು ಮಳೆ. ಚರಂಡಿ ಉಕ್ಕಿ ಕಪ್ಪು ನೀರು ನಮ್ಮ ಮೆಟ್ಟಿಲು ಹತ್ತಿತ್ತು, ಮೇಲೆ ಎಣ್ಣೆ ಪೊರೆ. ನಾವು ಬಕೆಟ್ ಹಿಡಿದು ಹೊರಗೆ ಚೆಲ್ಲುತ್ತಿದ್ದರೆ, ಅಷ್ಟರಲ್ಲಿ ಟ್ಯಾಂಕರ್ ಬಂತು. ರೇನ್‌ಕೋಟ್ ಹಾಕಿದ ಹುಡುಗ ಪೈಪ್ ಬಿಚ್ಚಿ ಆ ತೋಟಕ್ಕೆ ನೀರು ಬಿಟ್ಟ. ಸುರಿಯುವ ಮಳೆಯಲ್ಲಿ! ಕೇಳಿದರೆ, "ಶೀಟಲ್ಲಿ ಇವತ್ತಿನ ಡ್ಯೂಟಿ ಇದೆ ಸಾರ್" ಎಂದ. ಪಾಪ, ಅವನದೇನು ತಪ್ಪು? ದೂರು ಕೊಟ್ಟೆ. ಎಂಜಿನಿಯರ್ ಬಂದು ಫೋಟೊ ಹೊಡೆದು ಹೋದರು. ಆಮೇಲೆ ಅದೇ ಕಟ್ಟೆಗೆ ಹಳದಿ-ಕಪ್ಪು ಬಣ್ಣ ಬಂತು. ದೂರಿನ ಮುಂದೆ 'ಪರಿಹರಿಸಲಾಗಿದೆ' ಎಂದೂ ಬಂತು.

ಮೊದಲ ಮಳೆಯ ನೀರಿನಲ್ಲೇ ಕೊಳೆ ಜಾಸ್ತಿ ಅನ್ನುವುದು ನಿಮಗೆ ಗೊತ್ತೇ ಇದೆ, ನಾನು ಹೇಳಬೇಕಾಗಿಲ್ಲ. ಟೈರ್ ಸವೆದ ಸತು, ಬ್ರೇಕಿನ ತಾಮ್ರ, ಎಣ್ಣೆ, ನಾಯಿ ಕಕ್ಕ, ಎಲ್ಲ ಸೀದಾ ಕೆರೆಗೆ. ಅಮೆರಿಕದ ಸಿಯಾಟಲ್ ಸುತ್ತಲಿನ ಹೊಳೆಗಳಲ್ಲಿ ಮಳೆ ಬಿದ್ದರೆ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. ಟೈರಿನ ಒಂದು ರಾಸಾಯನಿಕದ ಕೆಲಸ ಅದು ಎಂದು 2020ರಲ್ಲಿ ಗೊತ್ತಾಯಿತು. ರಸ್ತೆಯ ನೀರನ್ನು ಮರಳು, ಗೊಬ್ಬರದಲ್ಲಿ ಸೋಸಿ ಬಿಟ್ಟಾಗ ಮೀನು ಬದುಕಿದ್ದವು. ಅದೇ ಮರಳು, ಅದೇ ಗೊಬ್ಬರ ನಮ್ಮಲ್ಲೂ ಇದೆ ಸಾರ್, ಕಟ್ಟೆಯ ಆಚೆ!

10 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ರಸ್ತೆಯಿಂದ ಹೆಚ್ಚುಕಡಿಮೆ 40,000 ಲೀಟರ್ ನೀರು. ಸೋಸಿದರೂ ಕುಡಿಯಲಾಗದು, ಒಪ್ಪಿದೆ. ಗಿಡಕ್ಕೆ, ರಸ್ತೆ ತೊಳೆಯಲಿಕ್ಕೆ ಸಾಕಲ್ವಾ?

ಕಟ್ಟೆ ಒಡೆಸಿ. ಪೂರ್ತಿ ಬೇಡ, ಅಲ್ಲಲ್ಲಿ ಬಾಯಿ ಬಿಡಿಸಿ. ಪ್ಲಾಸ್ಟಿಕ್, ಹೂಳು ನಿಲ್ಲಲು ಬಾಯಲ್ಲೊಂದು ಚಿಕ್ಕ ಗುಂಡಿ ಇರಲಿ. ಮಳೆಗಾಲಕ್ಕೆ ಮುಂಚೆ ಮೇಲಿನ ಪದರ ಕೆರೆಸಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಹೊಸ ಯೋಜನೆ ಬೇಡ, ಬೋರ್ಡ್ ಬೇಡ, ಬಣ್ಣವಂತೂ ಬೇಡವೇ ಬೇಡ. ಕಟ್ಟೆ ಒಡೆಸಿ. ಯಾವತ್ತು ಒಡೆಸುತ್ತೀರಿ ಎಂದು ಲಿಖಿತವಾಗಿ ತಿಳಿಸಿ.

ಇಂತಿ,
ಅದೇ ಬೀದಿಯ ತೆರಿಗೆದಾರ