ಹೊಸ ಮನೆಯ ನಳಗಳ ಬಗ್ಗೆ ಮಗಳಿಗೊಂದು ಪತ್ರ

ವಿಜಯಪುರ
ಕಾರ್ತಿಕ ಹುಣ್ಣಿಮೆಯ ಮರುದಿನ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಅಮೆರಿಕದ ನಿಮ್ಮ ಹೊಸ ಮನೆಯ ಗೃಹಪ್ರವೇಶದ ಫೋಟೊಗಳನ್ನು ಎಲ್ಲರೂ ಕೂತು ನೋಡಿದೆವು. ನಿನ್ನ ದೊಡ್ಡಮ್ಮ ದೇವರ ಕೋಣೆ ನೋಡಿ ಬಹಳ ಖುಷಿಪಟ್ಟಳು. ನಾನು ಅಡುಗೆಮನೆಯ ನಳ ಯಾವ ಗೋಡೆಗಿದೆ, ಹಿತ್ತಲಿನ ನಳ ಎಲ್ಲಿದೆ, ನೀರು ಕಾಯಿಸುವ ಹೀಟರ್ ಒಳಗಿದೆಯೋ ಹೊರಗಿದೆಯೋ ಎಂದು ನೋಡುತ್ತಿದ್ದೆ. ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲಿ ಪೈಪ್ ಫಿಟರ್ ಆಗಿದ್ದವನ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊನ್ನೆ ಫೋನಿನಲ್ಲಿ ನೀನು, "ಡಲ್ಲಾಸ್ ಅಂದ್ರೆ ನಮ್ಮ ವಿಜಯಪುರನೇ ದೊಡ್ಡಪ್ಪ, ಬಿಸಿಲೇ ಬಿಸಿಲು, ಇಲ್ಲಿ ಎಂಥ ಚಳಿ" ಅಂದೆ. ಆ ಮಾತು ಕೇಳಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ. ಚಳಿಯ ಊರಿನ ಮನೆಗಿಂತ ಬಿಸಿಲೂರಿನ ಮನೆಗೇ ಚಳಿಯ ಭಯ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ, ಕೇಳು.

ನಾನು ಲೇಹ್‌ನಲ್ಲಿದ್ದಾಗ ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ವಿಶೇಷವೇನೂ ಆಗಿರಲಿಲ್ಲ. ಆದರೆ ಅಲ್ಲಿ ಎಲ್ಲರಿಗೂ ಚಳಿಯ ಅರಿವಿತ್ತು. ಪೈಪನ್ನು ನೆಲದೊಳಗೆ ಆಳಕ್ಕೆ ಹಾಕುತ್ತಿದ್ದೆವು. ಮೇಲಿನ ಲೈನುಗಳನ್ನು ಸಂಜೆಯೇ ಖಾಲಿ ಮಾಡುತ್ತಿದ್ದೆವು. ಲಡಾಖಿನ ಹಳೆಯ ಮನೆಗಳಲ್ಲಂತೂ ನೀರೇ ಬೇಡದ ಒಣ ಸಂಡಾಸ. ಚಳಿಯನ್ನು ಲೆಕ್ಕಕ್ಕಿಟ್ಟೇ ಮನೆ ಕಟ್ಟುವವರು ಅವರು. ನಿಮ್ಮ ಟೆಕ್ಸಾಸ್‌ನಲ್ಲಿ ಮನೆ ಕಟ್ಟುವವರ ಲೆಕ್ಕ ಬಿಸಿಲಿನದು. ಪೈಪನ್ನು ಸೂರಿನ ಕೆಳಗಿನ ಅಟ್ಟದಲ್ಲಿ ಎಳೆದಿರುತ್ತಾರೆ, ಹೊರಗೋಡೆಯ ಒಳಗೆ ಇಳಿಸಿರುತ್ತಾರೆ. ವರ್ಷದಲ್ಲಿ ಮುನ್ನೂರು ಅರವತ್ತು ದಿನ ಅದರಿಂದ ಏನೂ ತೊಂದರೆಯಿಲ್ಲ. ಉಳಿದ ಆ ನಾಲ್ಕೈದು ದಿನದ್ದೇ ನನ್ನ ಚಿಂತೆ.

2021ರ ಫೆಬ್ರವರಿಯಲ್ಲಿ ಏನಾಯಿತು ಎಂದು ಪಕ್ಕದ ಮನೆಯವರನ್ನು ಕೇಳು. ಆ ತಿಂಗಳ 16ರ ಬೆಳಗ್ಗೆ ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಯಿತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 19. ಅಂದರೆ ಲೇಹ್‌ನ ಚಳಿ ಡಲ್ಲಾಸ್‌ಗೆ ಬಂದಿತ್ತು. ರಾಜ್ಯದಲ್ಲಿ ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಇಲ್ಲ. ಮನೆ ಬೆಚ್ಚಗಿಡುವ ಹೀಟರ್ ನಿಂತವು. ಮನೆಗಳ ಒಳಗೇ ನೀರು ಗಡ್ಡೆ ಕಟ್ಟಿತು. ಅಟ್ಟದ ಪೈಪು ಒಡೆದು, ಛಾವಣಿ ಕುಸಿದು ಹಾಸಿಗೆಯ ಮೇಲೆ ಬಿತ್ತು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ನೀನು ಆಗ ಬೆಂಗಳೂರಿನಲ್ಲಿ ಓದುತ್ತಿದ್ದೆ, ಈ ಸುದ್ದಿ ನಿನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಪೈಪು ಯಾಕೆ ಒಡೆಯುತ್ತದೆ ಎಂಬುದನ್ನು ಮೊದಲು ತಿಳಿದುಕೋ. ಇದು ತಿಳಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗಿದ ಗಡ್ಡೆ ಪೈಪನ್ನು ಸೀಳುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಬಹಳ ಸಲ ಹಾಗಾಗುವುದಿಲ್ಲ. ಗಡ್ಡೆ ಬಿರಡೆಯ ಹಾಗೆ ಕೂತು, ಮುಂದಿನ ನೀರನ್ನು ಮುಚ್ಚಿದ ನಳದ ಕಡೆಗೆ ಒತ್ತುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತಾ ಹೋಗಿ, ಗಡ್ಡೆಯೇ ಇಲ್ಲದ ಜಾಗದಲ್ಲಿ ಪೈಪು ಬಿರಿಯುತ್ತದೆ.

ಒತ್ತಡದ ವಿಷಯ ನಿನಗೆ ಹೊಸದಲ್ಲ. ಶಾಲೆಗೆ ಹೋಗುವಾಗ ನೋಡುತ್ತಿದ್ದ ಕಲ್ಲಿನ ನೀರಿನ ಗೋಪುರಗಳು, ನಮ್ಮೂರಿನ ಗಂಜ್‌ಗಳು ನೆನಪಿವೆಯಲ್ಲವಾ? 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಬೇಗಂ ತಲಾಬ್ ಕೆರೆ ಆಯಿತು. ಅಲ್ಲಿಂದ ಮಣ್ಣಿನ ಪೈಪಿನಲ್ಲಿ ಊರಿಗೆ ನೀರು ಬರುತ್ತಿತ್ತು. ಒತ್ತಡಕ್ಕೆ ಮಣ್ಣಿನ ಪೈಪು ಒಡೆಯಬಾರದು ಎಂದು ನಡುನಡುವೆ ಈ ಗೋಪುರಗಳನ್ನು ಕಟ್ಟಿದರು. ನೀರು ಅದರೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು ಮುಂದೆ ಹೋಗುತ್ತಿತ್ತು. ನಿನ್ನ ಮನೆಯಲ್ಲಿ ಆ ಕೆಲಸ ಮಾಡುವುದು ಸ್ವಲ್ಪ ತೆರೆದಿಟ್ಟ ನಳ. ಚಳಿಯ ರಾತ್ರಿ ನಳ ತೊಟ್ಟಿಕ್ಕಲು ಬಿಡಿ ಅನ್ನುತ್ತಾರಲ್ಲ, ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎಂಬುದು ಅದಕ್ಕೆ ಅರ್ಧ ಕಾರಣ. ಒತ್ತಡಕ್ಕೆ ದಾರಿ ಸಿಗುತ್ತದೆ ಎಂಬುದು ದೊಡ್ಡ ಕಾರಣ.

ಈಗ ಕೆಲಸದ ಮಾತು. ಈ ವಾರ ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ, ಮನೆಯ ಮೇನ್ ವಾಲ್ವ್ ಎಲ್ಲಿದೆ ಎಂದು ಹುಡುಕು. ಅಲ್ಲಿ ಸಾಮಾನ್ಯವಾಗಿ ರಸ್ತೆ ಅಂಚಿನಲ್ಲಿ, ನೆಲದೊಳಗಿನ ಮೀಟರ್ ಡಬ್ಬಿಯಲ್ಲಿ ಒಂದು ಇರುತ್ತದೆ. ಅದಕ್ಕೆ ಉದ್ದ ಕೈಯ ಟಿ ಆಕಾರದ ಕೀ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮನೆ ಹತ್ತಿರವೋ ಗ್ಯಾರೇಜಿನಲ್ಲೋ ಇನ್ನೊಂದು ವಾಲ್ವ್ ಇರಬಹುದು. ಇದ್ದರೆ ಅದನ್ನೇ ಬಳಸು. ಒಮ್ಮೆ ಮುಚ್ಚಿ, ನಳ ತೆರೆದು ನೀರು ನಿಂತಿತಾ ನೋಡು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ, ಅದನ್ನು ಸರಿಮಾಡಿಸುವ ಸಮಯ ಇದು. ಪೈಪು ಒಡೆದ ಮಧ್ಯರಾತ್ರಿ ಕತ್ತಲಲ್ಲಿ ಮಂಜು ಕೆದಕುತ್ತಾ ಹುಡುಕುವುದಲ್ಲ. ಅಳಿಯನಿಗೂ ತೋರಿಸು. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಗೊತ್ತಿಲ್ಲದಂತೆಯೇ.

ಆಮೇಲೆ ಹಿತ್ತಲಿನ ನಳ. ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಬಿಚ್ಚಿ ಗ್ಯಾರೇಜಿನಲ್ಲಿ ಇಡು. ಇದು ಸಣ್ಣ ಕೆಲಸ, ಆದರೆ ಹೆಚ್ಚು ಜನ ಮರೆಯುವುದೂ ಇದನ್ನೇ. ಕೆಲವು ನಳಗಳನ್ನು ಚಳಿಗೆ ತಡೆಯುವಂತೆ ಮಾಡಿರುತ್ತಾರೆ. ಹಿಡಿಕೆ ಹೊರಗಿದ್ದರೂ ನೀರು ನಿಲ್ಲುವ ಜಾಗ ಗೋಡೆಯ ಒಳಗೆ, ಗೇಣುದ್ದ ಹಿಂದೆ ಇರುತ್ತದೆ. ನಳ ಮುಚ್ಚಿದ ಮೇಲೆ ಉಳಿದ ನೀರು ಬಸಿದು ಹೊರಗೆ ಹೋಗಬೇಕು. ರಬ್ಬರ್ ಪೈಪು ಸಿಕ್ಕಿಸಿಯೇ ಬಿಟ್ಟರೆ ಅದು ಬಸಿಯುವುದಿಲ್ಲ. ಚಳಿಗೆಂದೇ ಮಾಡಿದ ನಳ ಚಳಿಗೇ ಒಡೆಯುತ್ತದೆ, ಅದೂ ಗೋಡೆಯ ಒಳಗೆ. ಮುಂದಿನ ಬೇಸಿಗೆಯಲ್ಲಿ ನಳ ತೆರೆದಾಗ ನೀರು ಮನೆಯೊಳಗೆ ಬಂದ ಮೇಲೆ ಗೊತ್ತಾಗುತ್ತದೆ. ಸಾದಾ ನಳವಾದರೆ ಮೇಲೆ ಥರ್ಮಾಕೋಲಿನ ಟೊಪ್ಪಿಗೆ ಹಾಕು. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದರೆ ಅದರ ವಾಲ್ವ್ ಮುಚ್ಚಿ ಲೈನ್ ಖಾಲಿ ಮಾಡಿಸು.

ಅಟ್ಟ, ಗ್ಯಾರೇಜು, ಹೊರಗೋಡೆಗೆ ತಾಗಿದ ಸಿಂಕಿನ ಕೆಳಭಾಗ, ಈ ಮೂರು ಕಡೆ ಬರಿಮೈಯ ಪೈಪು ಕಂಡರೆ ಫೋಮಿನ ಕೊಳವೆ ತೊಡಿಸು. ಚಾಕುವಿನಿಂದ ಕತ್ತರಿಸಿ ಹಾಕುವಷ್ಟು ಸುಲಭ. ಮೂಲೆ ಮತ್ತು ಜಾಯಿಂಟುಗಳಲ್ಲಿ ಸಂದು ಬಿಡಬೇಡ, ಟೇಪು ಸುತ್ತು. ಬಿಸಿನೀರಿನ ಪೈಪಿಗೂ ಹಾಕು, ರಾತ್ರಿ ಹರಿಯದೆ ನಿಂತರೆ ಅದೂ ತಣ್ಣಗಾಗಿ ಗಡ್ಡೆ ಕಟ್ಟುತ್ತದೆ. ಆದರೆ ಒಂದು ತಿಳಿದಿರಲಿ: ಫೋಮ್ ಇರುವ ಶಾಖವನ್ನು ಹಿಡಿದಿಡುತ್ತದೆ ಅಷ್ಟೇ, ಹೊಸದಾಗಿ ಶಾಖ ಕೊಡುವುದಿಲ್ಲ. ಚಳಿ ಎರಡು ಮೂರು ದಿನ ಬಿಡದಿದ್ದರೆ ಅದೊಂದೇ ಸಾಲದು. ಗೋಡೆಯ ತೂತುಗಳನ್ನೂ ಮುಚ್ಚಬೇಕು. ಕೇಬಲ್, ಗ್ಯಾಸ್ ಲೈನು ಒಳಬರುವ ಕಡೆ ಬೆರಳು ಹೋಗುವಷ್ಟು ಸಂದಿರುತ್ತದೆ. ಪೈಪಿನ ಮೇಲೆ ಬೀಸುವ ತಣ್ಣನೆ ಗಾಳಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಶಾಖ ಕೊಡುವ ಕರೆಂಟಿನ ಕೇಬಲ್ ಕೂಡ ಸಿಗುತ್ತದೆ. ಹಾಕುವುದಾದರೆ ಒಂದರ ಮೇಲೊಂದು ಸುತ್ತಬೇಡ, ಬೆಂಕಿಗೆ ದಾರಿಯಾದೀತು. ನನ್ನನ್ನು ಕೇಳಿದರೆ ನಿಮ್ಮೂರಿಗೆ ಫೋಮು ಮತ್ತು ಸಂದು ಮುಚ್ಚುವುದೇ ಮುಖ್ಯ. ಕರೆಂಟ್ ಹೋದ ರಾತ್ರಿ ಕೇಬಲ್ ಕೈಕೊಡುತ್ತದೆ.

ಇಷ್ಟನ್ನು ಈಗಲೇ ಮಾಡು. ಚಳಿಯ ಎಚ್ಚರಿಕೆ ಟಿವಿಯಲ್ಲಿ ಬಂದ ದಿನ ಇಡೀ ಊರೇ ಅಂಗಡಿಗೆ ಓಡುತ್ತದೆ, ಫೋಮಿನ ಒಂದು ತುಂಡೂ ಸಿಗುವುದಿಲ್ಲ.

ಇನ್ನು ಆ ರಾತ್ರಿಯ ಮಾತು. 32 ಫ್ಯಾರನ್‌ಹೀಟ್ ಅಂದರೆ ನಮ್ಮ ಸೊನ್ನೆ ಡಿಗ್ರಿ, ಆದ ಕೂಡಲೇ ಗಾಬರಿ ಬೇಡ. ದಕ್ಷಿಣದ ರಾಜ್ಯಗಳ ಮನೆಗಳ ಅಟ್ಟದಲ್ಲಿ ಹೊದಿಕೆಯಿಲ್ಲದ ಪೈಪುಗಳಿಗೆ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7, ಎಚ್ಚರಿಕೆಯ ಗೆರೆ ಎಂದು ಇಲಿನಾಯ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಹೇಳಿದ್ದಾರೆ. ಗಾಳಿ ನುಗ್ಗುವ ಜಾಗವಾದರೆ ಅದಕ್ಕಿಂತ ಮೊದಲೇ ತೊಂದರೆ ಶುರು. ಅಂಥ ರಾತ್ರಿ ಸಿಂಕಿನ ಕೆಳಗಿನ ಕಪಾಟುಗಳ ಬಾಗಿಲು ತೆರೆದಿಡು, ಮನೆಯ ಬೆಚ್ಚನೆ ಗಾಳಿ ಒಳಗೆ ಹೋಗಲಿ. ಮಗು ಓಡಾಡುತ್ತದೆ, ಅಲ್ಲಿರುವ ಸೋಪು, ಆ್ಯಸಿಡ್ ಬಾಟಲಿಗಳನ್ನು ಮೊದಲು ಎತ್ತಿಡು. ನೀರು ಮನೆಯೊಳಗೆ ಬರುವ ಜಾಗದಿಂದ ಅತಿ ದೂರದ ನಳವನ್ನು ತೊಟ್ಟಿಕ್ಕಲು ಬಿಡು. ಒಂದೇ ಹಿಡಿಕೆಯ ನಳವಾದರೆ ನಡುವೆ ಇಡು, ಬಿಸಿ ತಣ್ಣೀರು ಎರಡೂ ಹರಿಯಲಿ. ಗ್ಯಾರೇಜಿನ ದೊಡ್ಡ ಬಾಗಿಲು ಮುಚ್ಚಿಯೇ ಇರಲಿ.

ನಳ ಎಲ್ಲರೂ ಬಿಟ್ಟರೆ ಊರಿನ ನೀರಿನ ಒತ್ತಡವೇ ಕುಸಿಯುತ್ತದೆ, 2021ರಲ್ಲಿ ಹಾಗೂ ಆಯಿತು. ಕುದಿಸಿ ಕುಡಿಯಿರಿ ಎಂದು ಊರೂರಿಗೆ ಹೇಳಬೇಕಾಯಿತು. ಅದಕ್ಕೇ ಹನಿ ಅಂದರೆ ಹನಿ, ಧಾರೆಯಲ್ಲ. ಚಳಿಯ ಹಿಂದಿನ ದಿನವೇ ನೀರು ತುಂಬಿಟ್ಟುಕೋ. ಇದನ್ನು ವಿಜಯಪುರದ ಹುಡುಗಿಗೆ ಹೇಳಿಕೊಡಬೇಕಾಗಿಲ್ಲ. ನೀರು ಬರುವ ದಿನ ಕೊಡ, ಹಂಡೆ, ಬಕೆಟ್ ಎಲ್ಲ ತುಂಬಿಸುತ್ತಾ ಬೆಳೆದವಳು ನೀನು. ಅಲ್ಲಿ ಸ್ನಾನದ ತೊಟ್ಟಿ ಇದೆಯಲ್ಲ, ಅದನ್ನೂ ತುಂಬಿಸು, ಸಂಡಾಸಕ್ಕೆ ಆಗುತ್ತದೆ. ಆದರೆ ಮಗುವನ್ನು ಆ ಕೋಣೆಗೆ ಬಿಡಬೇಡ, ಬಾಗಿಲು ಹಾಕಿಯೇ ಇರಲಿ.

ಕರೆಂಟ್ ಹೋಗಿ ಮನೆ ತಣ್ಣಗಾಗುತ್ತಿದೆ, ಇಂದು ಬರುವ ಹಾಗಿಲ್ಲ ಅನ್ನಿಸಿದರೆ ತೊಟ್ಟಿಕ್ಕುವುದನ್ನು ನೆಚ್ಚಬೇಡ. ನೀರು ಕಾಯಿಸುವ ಹೀಟರ್ ಆಫ್ ಮಾಡು. ಮೇನ್ ವಾಲ್ವ್ ಮುಚ್ಚು. ಮೇಲಿನ, ಕೆಳಗಿನ ಎಲ್ಲ ನಳ ತೆರೆದು ಪೈಪು ಖಾಲಿ ಮಾಡು, ಫ್ಲಶ್ ಒತ್ತಿ ಅದರ ಟ್ಯಾಂಕೂ ಬರಿದು ಮಾಡು. ನೀರೇ ಇಲ್ಲದ ಪೈಪು ಒಡೆಯುವುದಿಲ್ಲ. ಲೇಹ್‌ನಲ್ಲಿ ನಾವು ನಂಬಿದ್ದು ಇದೊಂದನ್ನೇ. ನಿನ್ನ ಹೀಟರ್ ಟ್ಯಾಂಕ್ ಇಲ್ಲದ, ಹೊರಗೋಡೆಗೆ ನೇತುಹಾಕಿದ ಬಗೆಯದು ಎಂದು ಫೋಟೊದಲ್ಲಿ ಕಂಡಿತು. ಅದರೊಳಗೆ ಚಳಿ ತಡೆಯುವ ಏರ್ಪಾಡು ಇರುತ್ತದೆ, ಆದರೆ ಅದಕ್ಕೂ ಕರೆಂಟ್ ಬೇಕು. ಕರೆಂಟ್ ಹೋದಾಗ ಅದರ ನೀರು ಬಸಿಯುವುದು ಹೇಗೆ ಎಂದು ಈಗಲೇ ಪ್ಲಂಬರ್ ಕೈಯಲ್ಲಿ ಕಲಿತುಕೋ.

ನಳದಲ್ಲಿ ನೀರು ಬರುತ್ತಿಲ್ಲ, ಗಡ್ಡೆ ಕಟ್ಟಿದೆ ಅನ್ನಿಸಿದರೆ ಆ ನಳ ತೆರೆದೇ ಇಡು. ಕೂದಲು ಒಣಗಿಸುವ ಡ್ರೈಯರಿನಿಂದ ನಳದ ಕಡೆಯಿಂದ ಶುರುಮಾಡಿ ಹಿಂದಕ್ಕೆ ಬಿಸಿ ಮಾಡುತ್ತಾ ಹೋಗು. ನಡುವಿನಿಂದ ಬಿಸಿ ಮಾಡಿದರೆ ಕರಗಿದ ನೀರು ಎರಡು ಗಡ್ಡೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಬೆಂಕಿಯ ಜ್ವಾಲೆ ಹಿಡಿಯಬೇಡ. ಅಲ್ಲಿನ ಮನೆಗಳ ಗೋಡೆಯೊಳಗೆ ಇರುವುದು ಮರ. ಒಬ್ಬರು ಮೇನ್ ವಾಲ್ವ್ ಹತ್ತಿರ ನಿಂತಿರಿ. ಪೈಪು ಬಿರಿದಿದ್ದರೂ ಗಡ್ಡೆ ಇರುವ ತನಕ ಸೋರುವುದಿಲ್ಲ, ಕರಗಿದ ಮೇಲೇ ಗೊತ್ತಾಗುವುದು.

ಪೈಪಿಗಿಂತ ದೊಡ್ಡ ಮಾತು ಒಂದಿದೆ. ಮನೆ ಎಷ್ಟೇ ತಣ್ಣಗಾಗಲಿ, ಇದ್ದಿಲ ಒಲೆಯನ್ನು ಒಳಗೆ ತರಬೇಡಿ. ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂರಬೇಡಿ. ಜನರೇಟರ್ ಮನೆಯಿಂದ ದೂರ, ಬಯಲಲ್ಲೇ ಇರಬೇಕು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. 2021ರಲ್ಲಿ ಟೆಕ್ಸಾಸ್‌ನಲ್ಲಿ ಚಳಿ ಕಾಯಿಸಲು ಹೋಗಿ ಜನ ಹೀಗೇ ಸತ್ತರು. ಲೇಹ್‌ನಲ್ಲಿ ಬುಖಾರಿ, ಅಂದರೆ ಕೋಣೆ ಬೆಚ್ಚಗಿಡುವ ಒಲೆ, ಉರಿಯುವ ಕೋಣೆಯಲ್ಲಿ ಗಾಳಿಗೆ ದಾರಿ ಬಿಡದೆ ಯಾರೂ ಮಲಗಬಾರದು ಎಂದು ನಮ್ಮ ಸುಬೇದಾರರು ರಾತ್ರಿ ಎದ್ದು ಬಂದು ನೋಡುತ್ತಿದ್ದರು. ಆ ಅನಿಲ ತೋರಿಸುವ ಅಲಾರಂ ಬ್ಯಾಟರಿಯದು ಒಂದು ತಂದಿಡು. ಇದರಲ್ಲಿ ದುಡ್ಡಿನ ಲೆಕ್ಕ ಮಾಡಬೇಡ. ಪೈಪು ಹೋದರೆ ಹೊಸದು ಹಾಕಿಸಬಹುದು. ಮನೆ ತಡೆಯಲಾಗದಷ್ಟು ತಣ್ಣಗಾದರೆ ಬೀಗ ಹಾಕಿ ಕರೆಂಟ್ ಇರುವ ಸ್ನೇಹಿತರ ಮನೆಗೆ ಹೋಗಿಬಿಡಿ.

ಸಂಕ್ರಾಂತಿಗೆ, ಸಿದ್ಧೇಶ್ವರನ ಜಾತ್ರೆಗೆ ಬರುತ್ತೇವೆ ಅಂದಿದ್ದೀಯ. ದೊಡ್ಡಮ್ಮ ಈಗಲೇ ಕುಸುರೆಳ್ಳಿನ ಮಾತಾಡುತ್ತಿದ್ದಾಳೆ. ಆದರೆ ಜನವರಿಯಲ್ಲಿ ನಿನ್ನ ಮನೆ ಖಾಲಿ ಇರುತ್ತದೆ, ಅದೂ ಚಳಿಯ ಹೊತ್ತಿನಲ್ಲೇ. ಹೊರಡುವ ದಿನ ಮೇನ್ ಮುಚ್ಚಿ ನಳಗಳನ್ನು ಖಾಲಿ ಮಾಡಿಯೇ ಬಾ. ಹೀಟಿಂಗ್ ಪೂರ್ತಿ ನಿಲ್ಲಿಸಬೇಡ, 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡ. ಚಾವಿ ಪಕ್ಕದವರ ಹತ್ತಿರ ಕೊಡು, ಎರಡು ದಿನಕ್ಕೊಮ್ಮೆ ಒಳಗೆ ಹೋಗಿ ನೋಡಲಿ. ಮನೆ ವಿಮೆಯ ಕಾಗದ ತೆಗೆದು ಓದು. ಹೀಟಿಂಗ್ ಬಂದ್ ಮಾಡಿದ ಮನೆಯಲ್ಲಿ ಪೈಪು ಒಡೆದರೆ ದುಡ್ಡು ಕೊಡುವುದಿಲ್ಲ ಎಂಬ ಷರತ್ತು ಎಷ್ಟೋ ವಿಮೆಗಳಲ್ಲಿ ಇರುತ್ತದೆ.

ಭಾನುವಾರ ಅಲ್ಲಿ ಬೆಳಗಾದ ಮೇಲೆ ವಿಡಿಯೊ ಕಾಲ್ ಮಾಡು. ಮೀಟರ್ ಡಬ್ಬಿ, ಹಿತ್ತಲಿನ ನಳ, ಹೀಟರ್, ಅಟ್ಟ ಎಲ್ಲ ತೋರಿಸು, ಒಂದೊಂದಾಗಿ ಹೇಳುತ್ತೇನೆ. ಅಟ್ಟ ಹತ್ತುವಾಗ ಅಳಿಯ ಏಣಿ ಹಿಡಿದು ನಿಂತಿರಲಿ. ಅಲ್ಲಿ ಮರದ ತೊಲೆಯ ಮೇಲೆ ಮಾತ್ರ ಕಾಲಿಡು. ನಡುವೆ ಹತ್ತಿಯ ಹಾಗೆ ಕಾಣುವುದರ ಕೆಳಗೆ ಬರೀ ಜಿಪ್ಸಂ ಹಲಗೆ ಇರುತ್ತದೆ, ಭಾರ ತಾಳುವುದಿಲ್ಲ. ಬ್ಯಾಟರಿ ದೀಪ ಮತ್ತು ಅಳತೆ ಟೇಪು ಕೈಯಲ್ಲಿರಲಿ. ಪೈಪಿನ ದಪ್ಪ ಅಳೆದು ಬರೆದುಕೋ, ಫೋಮಿನ ಕೊಳವೆ ಅದೇ ಅಳತೆಯದು ತರಬೇಕು.

ನಿನ್ನ
ದೊಡ್ಡಪ್ಪ